ಗಾಜಿನ ಬಾಗಿಲಿಗೊಂದು ನೀಲಿ ಪರದೆ

ಬಾಯಿ ತೆರೆದುಕೊಂಡು ಮಲಗುವ ಮನುಷ್ಯನ ಮನೆಗೆ ಗಾಜಿನ ಬಾಗಿಲು ಇರಬಾರದು. ಈ ಸತ್ಯ ತಿದ್ದುಪಡಿಯವರಿಗೆ ಹೊಳೆಯುವ ಹೊತ್ತಿಗೆ ಬಾಗಿಲು ಕೂತಾಗಿತ್ತು.

ಮೂವತ್ತೆಂಟು ವರ್ಷ ಅಚ್ಚುಕೂಟದಲ್ಲಿ ಕರಡು ತಿದ್ದಿ ನಿವೃತ್ತರಾದವರನ್ನು ಇಡೀ ಕಟ್ಟಡ ಕರೆಯುತ್ತಿದ್ದುದು ಆ ಹೆಸರಿನಿಂದಲೇ. ಅವರದು ನೆಲಮಹಡಿಯ ಮನೆ. ನಡುಮನೆಯ ಹಳೆಯ ಕಿಟಕಿಯನ್ನು ತೆಗೆಸಿ, ಗೋಡೆಯಗಲಕ್ಕೂ ಜಾರುವ ಗಾಜಿನ ಬಾಗಿಲನ್ನು ಹೆಂಡತಿ ಹಾಕಿಸಿದ್ದು ಬೆಳಕಿಗಾಗಿ. ಬೆಳಕೇನೋ ಬಂತು; ಅದರ ಬೆನ್ನಿಗೇ ನೆರೆಹೊರೆಯ ಕಣ್ಣುಗಳೂ ಬಂದವು. ಮೆಟ್ಟಿಲಿಗೆ ಹೋಗುವ ದಾರಿ ಆ ಬಾಗಿಲ ಮುಂದೆಯೇ ಹಾದುಹೋಗುತ್ತಿತ್ತು. ಊಟವಾದ ಮೇಲೆ ಆರಾಮಕುರ್ಚಿಯಲ್ಲಿ ಒರಗಿ, ಕವನಸಂಕಲನವೊಂದನ್ನು ಎದೆಯ ಮೇಲೆ ಬೋರಲು ಹಾಕಿಕೊಂಡು ಕಣ್ಣು ಮುಚ್ಚುವುದು ಅವರ ಬದುಕಿನಲ್ಲಿ ಉಳಿದಿದ್ದ ಒಂದೇ ಐಷಾರಾಮ. ಈಗ ಅವರು ಗಾಜಿನ ತೊಟ್ಟಿಯ ಮೀನಿನಂತೆ ಬಾಯಿ ತೆರೆದು ಪ್ರದರ್ಶನಕ್ಕಿದ್ದರು. ನಿನ್ನೆಯಂತೂ ಎದುರುಮನೆಯ ಹಲ್ಲಿನ ಡಾಕ್ಟರಮ್ಮ ದಾರಿಯಲ್ಲಿ ತಡೆದು ನಿಲ್ಲಿಸಿ, "ಸಾರ್, ನಿಮ್ಮ ಮೇಲಿನ ದವಡೆಹಲ್ಲು ಒಂದು ಹುಳುಕಾಗಿದೆ. ಹೋಗ್ತಾ ಬರ್ತಾ ನೋಡ್ತಾನೇ ಇದೀನಿ" ಎಂದಿದ್ದರು.

ಬೆಳಿಗ್ಗೆ ಹೆಂಡತಿ ಅಕ್ಕನ ಮನೆಗೆ ಹೊರಡುವಾಗ ಒಂದು ಗಡುವು ಕೊಟ್ಟು ಹೋದರು. "ರೀ, ನಾಲ್ಕು ಗಂಟೆಗೆ ಬರ್ತೀನಿ. ಅಷ್ಟರಲ್ಲಿ ಕರ್ಟನ್ ಆರಿಸಿ, ಹಾಕ್ಸಿ. ನಿಮ್ ಕೈಲಿ ಆಗಲ್ಲ ಅಂದ್ರೆ ನಾಳೆ ನಾನೇ ಡಾಕ್ಟರಮ್ಮನ್ನ ಅಂಗಡಿಗೆ ಕರ್ಕೊಂಡು ಹೋಗ್ತೀನಿ."

ತೊಟ್ಟ ಅಂಗಿಯಿಂದ ಹಿಡಿದು ಮೂಗಿನ ಮೇಲಿನ ಕನ್ನಡಕದವರೆಗೆ ಬೇರೆಯವರು ಆರಿಸಿಕೊಟ್ಟದ್ದನ್ನೇ ಧರಿಸಿ ಬಾಳಿದ ಮನುಷ್ಯ ಅವರು. ಇಂದು ಪಣಕ್ಕಿದ್ದುದು ಮಧ್ಯಾಹ್ನದ ನಿದ್ದೆಯೊಂದೇ ಅಲ್ಲ, ಮಾನವೂ.

ಗಾಳಿಗೆಂದು ಬಾಗಿಲನ್ನು ಸರಿಸಿಟ್ಟು, ಟೇಪು ಹಿಡಿದು ನಿಂತರು. ಮೇಲಿನ ಮನೆಯ ನಿವೃತ್ತ ರೈಲ್ವೆ ಗಾರ್ಡು ಇಂಥ ಸಂದರ್ಭವನ್ನು ವಾಸನೆಯಿಂದಲೇ ಹಿಡಿಯಬಲ್ಲವರು. ತೆರೆದ ಬಾಗಿಲಿನಿಂದ ನೇರವಾಗಿ ಒಳಗೆ ಬಂದು, ಟೇಪಿನ ಇನ್ನೊಂದು ತುದಿ ಹಿಡಿದರು. ಗಾಜಿನ ಅಗಲ ಆರು ಅಡಿ. ಕರಡಿನ ಅಭ್ಯಾಸದಂತೆ ತಿದ್ದುಪಡಿಯವರು ಮೂರು ಸಲ ಅಳೆದರು. ಮೂರು ಸಲವೂ ಆರೇ ಬಂತು. ಗಾರ್ಡು ಸಾಕ್ಷಿ ನುಡಿದರು.

ಅಂಗಡಿಗೂ ಗಾರ್ಡು ಜೊತೆಯಾದರು. ಗೇಟಿನ ಬಳಿ ಡಾಕ್ಟರಮ್ಮ ಸಿಕ್ಕಿ, ಪರದೆಯೆಂದರೆ ಆಗ ತಾನೇ ಉಜ್ಜಿದ ಹಲ್ಲಿನ ಬಿಳುಪಿನದೇ ಆಗಬೇಕೆಂದು ವಿಧಿಸಿ ಕ್ಲಿನಿಕ್ಕಿಗೆ ಹೋದರು. ಗಾರ್ಡರ ಒಲವು ಹಸಿರಿನ ಕಡೆ.

"ಕೆಂಪು ಮಾತ್ರ ಬೇಡ ಸಾರ್. ಕೆಂಪು ಹಾಕಿದ್ರೆ ಬರೋರೆಲ್ಲ ಹೊರಗಡೆನೇ ನಿಂತ್ಬಿಡ್ತಾರೆ."

ಹಾಗಾದರೆ ಕೆಂಪೇ ಒಳ್ಳೆಯದಲ್ಲವೇ ಎಂದು ತಿದ್ದುಪಡಿಯವರಿಗೆ ಅನ್ನಿಸದೇ ಇರಲಿಲ್ಲ.

ಅಂಗಡಿಯಲ್ಲಿ ಥಾನುಗಳ ಬೆಟ್ಟವೇ ಉರುಳಿತು. ಗಾರ್ಡು ಒಂದೊಂದು ಹಸಿರನ್ನೂ ಎತ್ತಿ ಬೀಸಿ ತೋರಿಸುತ್ತಿದ್ದರು. ಆಗ ಕೆಳಗಿನ ಕಪಾಟಿನ ಮೂಲೆಯಲ್ಲಿ ತಿದ್ದುಪಡಿಯವರ ಕಣ್ಣಿಗೆ ಬಿತ್ತು ಒಂದು ನೀಲಿ. ಸೂರ್ಯ ಮುಳುಗಿ, ದೀಪಗಳಿನ್ನೂ ಹೊತ್ತದಿರುವಾಗ ಆಕಾಶ ಯಾರಿಗೂ ಹೇಳದೆ ತನಗಾಗಿ ಉಳಿಸಿಕೊಳ್ಳುತ್ತದಲ್ಲ, ಆ ನೀಲಿ. ಹರೆಯದಲ್ಲಿ ಒಂದು ಪದ್ಯಕ್ಕಾಗಿ ಅದನ್ನು ಹುಡುಕಿ ಸೋತಿದ್ದರು.

"ಇದೇ" ಎಂದರು. ತಮ್ಮ ದನಿ ತಮಗೇ ಹೊಸದೆನಿಸಿತು.

"ಅದು ಕೊನೇ ತುಂಡು ಸಾರ್, ಮತ್ತೆ ಬರಲ್ಲ. ಆರು ಅಡಿಗೆ ನೆರಿಗೆ ಸಮೇತ ಸರಿಹೋಗತ್ತೆ" ಎಂದ ಅಂಗಡಿಯವನು ತುಂಡನ್ನು ಬಿಡಿಸುತ್ತ ಕೇಳಿದ. "ಆದ್ರೆ ಜಾರೋ ಬಾಗಿಲು ಅಂತೀರಿ. ಆರೇ ಅಡಿನಾ?"

"ಮೂರು ಸಲ ಅಳೆದಿದೀನಿ" ಎಂದರು ತಿದ್ದುಪಡಿಯವರು, ಕಾಗುಣಿತ ಪ್ರಶ್ನಿಸಿದವನನ್ನು ನೋಡುವಂತೆ ನೋಡುತ್ತ.

ದರ್ಜಿ ಎದುರಿಗೇ ಹೊಲಿದುಕೊಟ್ಟ. ಮನೆಗೆ ಬಂದು, ಊಟ ಮುಗಿಸಿ, ಬಡಗಿ ಮೊದಲೇ ಕೂರಿಸಿಹೋಗಿದ್ದ ಸರಳಿಗೆ ಪರದೆ ಪೋಣಿಸಿದರು. ಗಾರ್ಡು ನಿರಾಶರಾಗಿ ಮೇಲೆ ಹೋಗಿದ್ದರು. ತಿದ್ದುಪಡಿಯವರು ಬಾಗಿಲನ್ನು ಎಳೆದು ಮುಚ್ಚಿದರು. ಒಂದು ಗಾಜಿನ ಹಿಂದಿನಿಂದ ಅಷ್ಟೇ ಅಗಲದ ಇನ್ನೊಂದು ಗಾಜು ಸದ್ದಿಲ್ಲದೆ ಜಾರಿ ಹೊರಬಂತು.

ಬಾಗಿಲು ಹನ್ನೆರಡು ಅಡಿಯದು. ತೆರೆದಿಟ್ಟು ಅಳೆದುದರಿಂದ ಒಂದರ ಹಿಂದೊಂದು ಅಡಗಿದ್ದ ಎರಡು ಗಾಜು ಒಂದೇ ಆಗಿ ಕಂಡಿತ್ತು. ಈಗ ಪರದೆ ಅರ್ಧಕ್ಕಿತ್ತು. ಉಳಿದರ್ಧ, ಅರ್ಧವೇ ತೊಟ್ಟ ಅಂಗಿಯ ಹಾಗೆ, ಬಟಾಬಯಲು. ಬಟ್ಟೆ ಮತ್ತೆ ಸಿಗುವಂತಿಲ್ಲ. ನಾಳೆ ಹಲ್ಲಿನ ಬಿಳುಪು ಈ ಮನೆಯನ್ನು ಹೊಕ್ಕಿತೆಂದೇ ಅರ್ಥ.

ತಲೆಯ ಮೇಲೆ ಕೈಹೊತ್ತು ಕೂತವರಿಗೆ ಥಟ್ಟನೆ ಹೊಳೆಯಿತು. ಎದ್ದು ಬಾಗಿಲನ್ನು ಮತ್ತೆ ಸರಿಸಿದರು. ಎರಡೂ ಗಾಜು ವಿಧೇಯವಾಗಿ ನೀಲಿಯ ಹಿಂದೆ ಸೇರಿದವು. ಈಗ ಒಂದಂಗುಲ ಗಾಜೂ ಬತ್ತಲೆಯಿರಲಿಲ್ಲ. ಕುರ್ಚಿಯನ್ನು ಪರದೆಯ ಮರೆಗೆ ಎಳೆದುಕೊಂಡರು. ತೆರೆದ ಕಡೆಯಿಂದ ಗಾಳಿ ಬಂದು ನೀಲಿಯನ್ನು ಮೆಲ್ಲಗೆ ಉಬ್ಬಿಸಿತು. ತಾವೇ ಆರಿಸಿದ ಆಕಾಶದ ಕೆಳಗೆ, ಯಾವ ಕಣ್ಣಿಗೂ ಬೀಳದೆ, ಗೆದ್ದ ರಾಜನಂತೆ ಅವರು ಒರಗಿದರು. ಪುಸ್ತಕ ಎದೆಗಿಳಿಯಿತು. ಬಾಯಿ ತೆರೆದುಕೊಂಡಿತು.

ಎಚ್ಚರವಾದದ್ದು ನಾಲಿಗೆಗೆ ತಣ್ಣಗಿನ ಲೋಹ ತಗುಲಿದಾಗ.

ಕಣ್ಣು ಬಿಟ್ಟರೆ ಮುಖದ ಮೇಲೆ ಡಾಕ್ಟರಮ್ಮ ಬಾಗಿದ್ದರು, ಕೈಯಲ್ಲಿ ಪುಟ್ಟ ಕನ್ನಡಿ. ಪಕ್ಕದಲ್ಲಿ ಗಾರ್ಡು ಟಾರ್ಚು ಬಿಟ್ಟುಕೊಂಡು, ನಿಲ್ದಾಣ ಬಂದ ಗಾಂಭೀರ್ಯದಲ್ಲಿ ನಿಂತಿದ್ದರು.

"ಅಲ್ಲಾಡಬೇಡಿ ಸಾರ್" ಎಂದರು ಡಾಕ್ಟರಮ್ಮ. "ಬಾಗಿಲು ತೆಗ್ದಿತ್ತಲ್ಲ, ಬಂದೆ. ಇಷ್ಟು ದಿನ ಗಾಜು ಅಡ್ಡ ಇತ್ತು, ಒಂದೇ ಹುಳುಕು ಅನ್ಕೊಂಡಿದ್ದೆ. ಎರಡಿದೆ."

ಮೂವತ್ತೆಂಟು ವರ್ಷ ಊರಿನವರ ತಪ್ಪು ಹುಡುಕಿದ ಬಾಳಿಗೆ ಬಂದ ಉತ್ತರ ಅದು.

ಅಷ್ಟರಲ್ಲಿ ಹೆಂಡತಿಯೂ ತೆರೆದ ಕಡೆಯಿಂದಲೇ ಒಳಗೆ ಬಂದರು. ಪರದೆಯನ್ನು ಕಂಡು ನಿಂತೇಬಿಟ್ಟರು. ಅದರ ಅಂಚನ್ನು ಬೆರಳಿನಿಂದ ಸವರಿದರು. "ರೀ, ಇದನ್ನ ನೀವೇ ಆರಿಸಿದ್ದಾ?" ಎಂದ ದನಿಯಲ್ಲಿ ಮದುವೆಯಾದ ಹೊಸತರ ಬೆರಗಿತ್ತು. "ಏನ್ ಚೆನ್ನಾಗಿದೆ. ಗಾಳಿ ಬರತ್ತೆ, ಜನ ಬರ್ತಾರೆ. ಇನ್ಮೇಲೆ ಬಾಗಿಲು ಹೀಗೇ ತೆಗ್ದಿರ್ಲಿ, ಆಯ್ತಾ?"

ಬಾಳಿನ ಮೊದಲ ಆಯ್ಕೆಗೆ ಸಿಕ್ಕ ಆ ಮೆಚ್ಚುಗೆಗೆ ತಿದ್ದುಪಡಿಯವರ ಕಣ್ಣು ತುಂಬಿತು. ಆದರೆ ತೆರೆದ ಬಾಗಿಲು ಬೇಡವೆನ್ನಲು ಬಾಯಿ ಖಾಲಿಯಿರಲಿಲ್ಲ. ತಲೆ ಅಲ್ಲಾಡಿಸುವಂತೆಯೂ ಇರಲಿಲ್ಲ.