ಎಲೆಯ ತುಂಬಾ ನಂಜು

ಚಂದ್ರಯ್ಯ ಕಾಲಿನ ಹೆಬ್ಬೆರಳು ಕುಯ್ದುಕೊಂಡದ್ದು ಮರ್ಯಾದೆ ಉಳಿಸಿಕೊಳ್ಳಲು ಹೋಗಿ. ಮಧ್ಯಾಹ್ನ ಪಕ್ಕದ ಗದ್ದೆಯ ತೋಟಪ್ಪನ ಮನೆಯಲ್ಲಿ ರಾಜಿ ಮಾಡಿಸುವ ಊಟವಿತ್ತು. ಎರಡು ವರ್ಷದಿಂದ ಮಾತು ಬಿಟ್ಟವನ ಮನೆಗೆ ಕೆಸರು ತುಂಬಿದ ಉಗುರಿನಲ್ಲಿ ಹೋಗುವುದು ಹೇಗೆಂದು ಹಳೇ ಬ್ಲೇಡು ಹಿಡಿದು ಕೂತ. ಉಗುರು ಜಗ್ಗಲಿಲ್ಲ, ಬೆರಳು ಸೀಳಿತು.

"ರೀ, ಇವತ್ತಿಂದ ಬದನೆಕಾಯಿ ಇಲ್ಲ, ಕುಂಬಳಕಾಯಿ ಇಲ್ಲ, ಕಡಲೇಬೀಜ ಮೂಸೋ ಹಂಗೂ ಇಲ್ಲ," ಎಂದಳು ಹೆಂಡತಿ ಜಗದಾಂಬ, ಗಾಯಕ್ಕೆ ಅರಿಶಿನ ಮೆತ್ತುತ್ತಾ. "ಎಲ್ಲಾ ನಂಜಿನ ಪದಾರ್ಥ. ಒಣಗೋ ತನಕ ಅನ್ನ, ಮೆಣಸಿನ ಸಾರು."

"ತೋಟಪ್ಪನ ಮನೆ ಊಟ?"

"ಮಜ್ಜಿಗೆ ಅನ್ನ ಉಂಡು ಎದ್ದು ಬನ್ನಿ."

ಕಷ್ಟ ಇದ್ದದ್ದೇ ಅಲ್ಲಿ. ಚಂದ್ರಯ್ಯನ ಗದ್ದೆಗೆ ಭತ್ತ ಕುಯ್ಯುವ ಮಿಷನ್ ಹೋಗಬೇಕಾದರೆ ತೋಟಪ್ಪ ತನ್ನ ಬೇಲಿ ತೆಗೆಯಬೇಕು. ತೆನೆ ಬಾಗಿ ಕಾಳು ಉದುರುತ್ತಿತ್ತು, ಮೇಲೆ ಮೋಡ ಬೇರೆ. ಇವತ್ತು ಸಂಜೆ ತಪ್ಪಿದರೆ ಮಿಷನ್ ಬೆಳಗೋಡಿನ ಕಡೆ ಹೊರಟುಹೋಗುತ್ತಿತ್ತು. ಹೋದ ವರ್ಷವೂ ಊರಿನ ಹಿರಿಯ ಕೆಂಚಯ್ಯ ಹೀಗೇ ಇಬ್ಬರನ್ನೂ ಪಂಕ್ತಿಗೆ ಕೂರಿಸಿದ್ದ. ಆಗ ಚಂದ್ರಯ್ಯ ಹೊಟ್ಟೆನೋವೆಂದು ಪಾಯಸ ಬಿಟ್ಟು ಎದ್ದಿದ್ದ. "ನೋವಲ್ಲ, ಅವನ ಹೊಟ್ಟೆ ಒಳಗಿರೋ ನಂಜು!" ಎಂದು ತೋಟಪ್ಪ ಬೇಲಿಗೆ ಇನ್ನೊಂದು ಸುತ್ತು ಮುಳ್ಳು ಹೊದಿಸಿದ್ದ.

ಈ ಸಲ ಕೆಂಚಯ್ಯ ಮೊದಲೇ ಹೇಳಿಬಿಟ್ಟಿದ್ದ: "ಲೇ ಚಂದ್ರ, ಎಲೇಲಿ ಕರಿಬೇವು ಬಿಟ್ಟು ಬೇರೇನೂ ಉಳೀಬಾರ್ದು ಕಣೋ. ಕಾಯಿಲೆ ಗೀಯಿಲೆ ಅಂದ್ರೆ ನಾನೂ ನಂಬಲ್ಲ."

ಯಾವುದಕ್ಕೂ ಇರಲೆಂದು ಚಂದ್ರಯ್ಯ ಇಂಜೆಕ್ಷನ್ ಹಾಕಿಸಿಕೊಳ್ಳಲು ಆಲೂರಿನ ಬಸ್ಸು ಹತ್ತಿದ. ಪಕ್ಕದ ಸೀಟಿನಲ್ಲಿ ಎದುರುಮನೆಯ ಮಾದೇವಮ್ಮ.

"ನಮ್ಮ ಭಾವ ಇಷ್ಟೇ ಇಷ್ಟು ಗಾಯ ಇಟ್ಕೊಂಡು ಒಂದು ಹೋಳು ಬದನೆಕಾಯಿ ತಿಂದ್ರು. ಬೆಳಗಾಗೋದ್ರೊಳಗೆ ಕಾಲು ಕುಂಬಳಕಾಯಿ ಆಗ್ಬುಡ್ತು!"

"ಕುಂಬಳಕಾಯಿ ತಿಂದಿದ್ರೆ?" ಎಂದು ಕೇಳಿದ ಹಿಂದಿನ ಸೀಟಿನವನು.

"ತಿಂದಿದ್ರೆ ಇನ್ನೆಲ್ಲಿ ಇರ್ತಿದ್ರು?"

ಆಸ್ಪತ್ರೆಯ ನರ್ಸ್ ನಕ್ಕಳು. "ಏನು ಬೇಕಾದ್ರೂ ತಿನ್ನಿ. ಗಾಯಕ್ಕೆ ಕೊಳೆ ಸೇರಿದ್ರೆ ಕೀವಾಗೋದು, ಬದನೆಕಾಯಿಂದ ಅಲ್ಲ. ಮೊದಲು ಈ ಅರಿಶಿನ, ಮಣ್ಣು ಎಲ್ಲಾ ತೊಳೀತೀನಿ." ಚಂದ್ರಯ್ಯನಿಗೆ ಜೀವ ಬಂದಂತಾಯಿತು. ಆದರೆ ನರ್ಸಮ್ಮನ ಧೈರ್ಯ ಆಲೂರಿನ ಬಸ್‌ಸ್ಟ್ಯಾಂಡಿನವರೆಗೆ ಬಂತು, ಅಲ್ಲಿಂದಾಚೆ ಮಾದೇವಮ್ಮನ ಭಾವನ ಕಾಲೇ ಜೊತೆಗೆ ಬಂತು.

ತೋಟಪ್ಪನ ಮನೆಯಲ್ಲಿ ಪಂಚೆ ಇಳಿಬಿಟ್ಟು, ಬೆರಳು ಮುಚ್ಚಿಕೊಂಡು ಕೂತ. ತೋಟಪ್ಪನ ಹೆಂಡತಿ ಚೆಲುವಮ್ಮ ಬಡಿಸುತ್ತಾ ಬಂದಳು. ಬದನೆಕಾಯಿ ಎಣ್ಣೆಗಾಯಿ. ಕುಂಬಳಕಾಯಿ ಪಲ್ಯ. ಕಡಲೇಬೀಜದ ಚಟ್ನಿ. ಜಗದಾಂಬಳನ್ನೇ ಕೇಳಿಕೊಂಡು ಅಡಿಗೆ ಮಾಡಿದ ಹಾಗಿತ್ತು. ಪಕ್ಕದಲ್ಲಿ ಕೆಂಚಯ್ಯ ಪರೀಕ್ಷೆ ಕೊಠಡಿಯ ಮೇಷ್ಟ್ರ ಹಾಗೆ ಎಲೆಯನ್ನೇ ನೋಡುತ್ತಿದ್ದ.

ಚಂದ್ರಯ್ಯ ಕಣ್ಣು ಮುಚ್ಚಿ ಎಣ್ಣೆಗಾಯಿ ಬಾಯಿಗಿಟ್ಟ. ರುಚಿ ತಿಳಿಯಲಿಲ್ಲ, ಬೆರಳು ಮಾತ್ರ ಚುಳ್ ಎಂದಿತು. ಪಲ್ಯ ನುಂಗಿದ, ಮೀನಖಂಡ ಊದಿದ ಹಾಗನ್ನಿಸಿತು. ಚಟ್ನಿ ಮುಗಿಸುವಷ್ಟರಲ್ಲಿ ಮನಸ್ಸಿನಲ್ಲೇ ಒಂದು ಕಾಲು ಕಳೆದುಕೊಂಡಿದ್ದ. ಆಗ ಕಣ್ಣು ತೋಟಪ್ಪನ ಎಲೆಯ ಮೇಲೆ ಬಿತ್ತು. ಅಲ್ಲಿ ಅನ್ನ, ಮೆಣಸಿನ ಸಾರು. ಅಷ್ಟೇ!

ಓಹೋ, ನನಗೆ ಗಾಯ ಆಗಿರೋದು ಇವನಿಗೆ ಗೊತ್ತು! ನಂಗೆ ನಂಜು ಬಡಿಸಿ ತಾನು ಪಥ್ಯ ಉಣ್ತಾವ್ನೆ!

"ನೀನ್ಯಾಕೆ ಏನೂ ಹಾಕಿಸ್ಕೊಂಡಿಲ್ಲ ಮಾರಾಯ?" ಎಂದ, ಎರಡು ವರ್ಷದ ಸಿಟ್ಟನ್ನೆಲ್ಲ ಸೇರಿಸಿ.

ತೋಟಪ್ಪ ಟವೆಲ್ಲಿನೊಳಗಿಂದ ಎಡಗೈ ತೆಗೆದ. ಅಂಗೈ ತುಂಬಾ ಬಟ್ಟೆ ಕಟ್ಟಿತ್ತು.

"ಬೆಳಿಗ್ಗೆ ಬೇಲಿ ಕೀಳುವಾಗ ಮುಳ್ಳು ಗೀರ್ತು ಕಣೋ. ಇವಳು ಏನೂ ತಿನ್ನಕ್ಕೆ ಬಿಡ್ತಿಲ್ಲ."

"ಯಾವ ಬೇಲಿ?"

"ನಂದೇ. ಮಿಷನ್ ಓಡಿಸೋ ಆಸಿಮ್ ಬೆಳಿಗ್ಗೆನೇ ಬಂದುಬುಟ್ಟ. ನಿನ್ ಫೋನ್ ಹತ್ಲಿಲ್ಲ, ಮೋಡ ನೋಡಿದ್ರೆ ಹೆದರಿಕೆ ಆಯ್ತು. ನಾನೇ ಒಳಗೆ ಬಿಟ್ಟು ಕುಯ್ಯಿಸ್ದೆ. ಭತ್ತ ನಮ್ಮ ಕಣದಲ್ಲೈತೆ, ಟಾರ್ಪಾಲ್ ಮುಚ್ಚಿವ್ನಿ."

"ಊಟಕ್ಕೆ ಮುಂಚೆನೇ?"

"ಮೊದ್ಲೇ ಹೇಳಿದ್ರೆ ನೀನು ಹಂಗಿಗೆ ಬಿದ್ದು ಉಣ್ತಿದ್ದೆ. ಮನಸಿಟ್ಟು ಉಣ್ತೀಯಾ ಅಂತ ನೋಡ್ದೆ. ಕಣ್ಣು ಮುಚ್ಕೊಂಡು ಸವಿದ್ಯಲ್ಲ, ಸಾಕು ಬಿಡು!"

ಚಂದ್ರಯ್ಯನ ಎದೆಯಿಂದ ಒಂದು ಮೂಟೆ ಇಳಿದಂತಾಯಿತು. ಬೆರಳಿನ ನೋವು ಎಲ್ಲಿ ಹೋಯಿತೋ! ಮೂಗಿಗೆ ಆಗಷ್ಟೇ ಎಣ್ಣೆಗಾಯಿಯ ಘಮ ತಾಗಿತು. ಹೊಟ್ಟೆ ನಿಜವಾಗಿ ಹಸಿಯಿತು.

"ಚೆಲುವಮ್ಮ, ಇನ್ನೆರಡು ಎಣ್ಣೆಗಾಯಿ ಹಾಕು ತಾಯಿ!" ಎಂದ. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ಸಂತೋಷ ತಡೆಯಲಾರದೆ ಪಂಚೆ ಸರಿಸಿ ಕಾಲು ಮುಂದಕ್ಕೆ ಚಾಚಿದ. "ನೋಡು ತೋಟಪ್ಪ, ನಂಗೂ ಗಾಯ! ಆದ್ರೂ ನಿನ್ ಮನೆ ಊಟ ಬಿಡ್ಲಿಲ್ಲ."

ಎಲೆಯ ಹತ್ತಿರ ಬಂದಿದ್ದ ಸೌಟು ಗಾಳಿಯಲ್ಲೇ ನಿಂತಿತು.

"ಅಯ್ಯೋ ಶಿವನೇ! ಗಾಯ ಇಟ್ಕೊಂಡು ಇದನ್ನೆಲ್ಲ ತಿಂದ್ರಾ ಚಂದ್ರಣ್ಣ?" ಚೆಲುವಮ್ಮ ಎಣ್ಣೆಗಾಯಿಯ ಪಾತ್ರೆಯನ್ನು ಕೆಂಚಯ್ಯನ ಕಡೆಗೆ ದೂಡಿ, ಚಂದ್ರಯ್ಯನ ಎಲೆಗೆ ಬಿಸಿ ಮೆಣಸಿನ ಸಾರು ಸುರಿದಳು. ಇನ್ನೊಂದು ಕೈಯಲ್ಲಿ ಆಗಲೇ ಫೋನು ಕಿವಿಗಿತ್ತು. "ಜಗದಾಂಬಕ್ಕಾ, ನಿಮ್ಮನೇರು ಏನ್ ಮಾಡವ್ರೆ ಗೊತ್ತಾ?"

ಗೆಳೆಯರಿಬ್ಬರೂ ತಲೆ ತಗ್ಗಿಸಿ ಸಾರನ್ನ ಕಲಸಿದರು. ಕೆಂಚಯ್ಯ ನಾಲ್ಕನೇ ಎಣ್ಣೆಗಾಯಿಗೆ ಕೈ ಹಾಕಿದ.