ಸೀಲಣ್ಣ ಮೌಸ್ ಹಿಡಿದ ದಿನ

ಬೆಳಗ್ಗೆ ಹತ್ತಕ್ಕೆ ಸೀಲಣ್ಣ ಆಫೀಸಿಗೆ ಬಂದಾಗ ಅವನ ಮೇಜಿನ ಮೇಲೆ ಕಂಪ್ಯೂಟರ್ ಕೂತಿತ್ತು, ಹೇಳದೆ ಕೇಳದೆ ಬಂದ ನೆಂಟರ ಹಾಗೆ. ಪಕ್ಕದಲ್ಲಿ ವೈರೇ ಇಲ್ಲದ ಒಂದು ಕಪ್ಪು ಮೌಸ್. ಅದರ ಕೆಳಗೆ ದೊಡ್ಡ ಮೇಡಂ ಸಹಿ ಮಾಡಿದ ಚೀಟಿ: ಕಂಪ್ಯೂಟರಿಗೆ ಬಂದ ಅರ್ಜಿಗಳನ್ನು ಇನ್ನು ಮುಂದೆ ಮೌಸಿನಿಂದ ಎಳೆದು ಆಯಾ ವಿಭಾಗದ ಫೋಲ್ಡರಿಗೆ ಹಾಕಬೇಕು. ಸಂಜೆ ನಾಲ್ಕಕ್ಕೆ ಖುದ್ದಾಗಿ ನೋಡುತ್ತೇನೆ. ಕಲಿಯದವರಿಗೆ ನೆಲಮಾಳಿಗೆಯ ಹಳೆ ಕಡತಗಳ ಕೋಣೆ.

ಸೀಲಣ್ಣ ಚೀಟಿಯನ್ನು ಎರಡು ಸಲ ಓದಿದ. ಇಪ್ಪತ್ತಾರು ವರ್ಷಗಳಿಂದ ಅವನ ಕೆಲಸ ಒಂದೇ. ಕಿಟಕಿಯಲ್ಲಿ ಅರ್ಜಿ ತೆಗೆದುಕೊಳ್ಳುವುದು, ಸೀಲು ಹಾಕುವುದು, ಕೊಟ್ಟವರ ಜೊತೆ ಎರಡು ಮಾತಾಡುವುದು. ಆ ಎರಡು ಮಾತೇ ಅವನ ಉಸಿರು. ಕೆಳಗಿನ ಕೋಣೆಯಲ್ಲಿ ಏನಿದೆ? ಒಂದು ಬಲ್ಬು, ನೂರಾರು ಕಟ್ಟು, ಮಾತಾಡಲು ಗೋಡೆ.

"ಹೆದರ್ಬೇಡಿ ಅಣ್ಣಾ, ನಾನಿದ್ದೀನಲ್ಲ!" ಪಕ್ಕದ ಮೇಜಿನ ಟೈಪಿಸ್ಟ್ ಕುರ್ಚಿ ಎಳೆದುಕೊಂಡು ಬಂದಳು. "ಮೌಸ್ ಹಿಡ್ಕೊಳ್ಳಿ. ಪರದೆ ಮೇಲೆ ಬಾಣ ಕಾಣುತ್ತಲ್ಲ, ಅದನ್ನ ಅರ್ಜಿ ಹತ್ರ ತನ್ನಿ."

ಅಂಗೈಗೆ ಸರಿಯಾಗಿ ಕೂರುವ ವಸ್ತು ಸಿಕ್ಕಿದ್ದೇ ತಡ, ಇಪ್ಪತ್ತಾರು ವರ್ಷದ ಕೈ ಯಾರ ಮಾತನ್ನೂ ಕೇಳಲಿಲ್ಲ. ಮೌಸ್ ಮೇಲೆ ಹಾರಿತು, ಶಾಯಿ ಪ್ಯಾಡಿನ ಮೇಲೆ ಕೂತಿತು, ಅಲ್ಲಿಂದೆದ್ದು ಚೀಟಿಯ ಮೇಲೆ ಧಪ್ ಧಪ್ ಎಂದಿತು. ಮೇಡಂ ಸಹಿ ನೀಲಿ ಕೆರೆಯಾಯಿತು.

"ಅಯ್ಯೋ ದೇವ್ರೇ, ಅದು ಸೀಲಲ್ಲ!" ಟೈಪಿಸ್ಟ್ ಕರವಸ್ತ್ರದಿಂದ ಮೌಸಿನ ಹೊಟ್ಟೆ ಒರೆಸಿದಳು. "ಇದನ್ನ ಎತ್ತಲೇಬಾರ್ದು. ಏನೇ ಆದ್ರೂ ಎತ್ತಬೇಡಿ. ಮೇಜಿಗೆ ಅಂಟ್ಕೊಂಡೇ ಇರ್ಬೇಕು, ಗೊತ್ತಾಯ್ತಾ?"

ಸೀಲಣ್ಣ ಎತ್ತಲಿಲ್ಲ. ತಳ್ಳಿದ. ಬಾಣ ಊಟ ಮಾಡಿ ಮಲಗಲು ಹೊರಟ ಆಮೆಯ ಹಾಗೆ ಹೊರಟಿತು. ಕಾಲು ಪರದೆ ದಾಟುವಷ್ಟರಲ್ಲಿ ಮೇಜು ಮುಗಿಯಿತು.

"ಜಾಗ ಸಾಲ್ತಿಲ್ಲ!"

ಬಾಗಿಲಲ್ಲಿ ಚಹಾ ಹೀರುತ್ತಿದ್ದ ಆಫೀಸಿನ ಡ್ರೈವರ್ ಒಳಗೆ ಬಂದ. ಗಾಡಿ ನಿಂತಾಗಲೆಲ್ಲ ಬೇರೆಯವರ ಕೆಲಸದಲ್ಲಿ ಕೈಯಾಡಿಸುವುದು ಅವನ ಹವ್ಯಾಸ. "ರಸ್ತೆ ಚಿಕ್ಕದಾಯ್ತು ಅಷ್ಟೇ, ಉದ್ದ ಮಾಡೋಣ" ಎಂದು ಟೈಪಿಸ್ಟಳ ಮೇಜನ್ನು ಎಳೆದು ಜೋಡಿಸಿದ. ಆಮೇಲೆ ಇನ್ನೊಂದು ಮೇಜು. ಸೀಲಣ್ಣ ಮೌಸ್ ತಳ್ಳುತ್ತ ತಳ್ಳುತ್ತ ಪರದೆಯಿಂದ ಎಷ್ಟು ದೂರ ಹೋದನೆಂದರೆ, "ಬಾಣ ಎಲ್ಲಿದೆ?" ಎಂದು ಅವನು ಕೂಗಬೇಕು, "ಇನ್ನೂ ಬಲಕ್ಕೆ!" ಎಂದು ಟೈಪಿಸ್ಟ್ ಕೂಗಬೇಕು.

ಕಿಟಕಿಯಾಚೆ ಅರ್ಜಿ ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು, "ಒರೆಸಿದ್ದು ಸಾಕು ಮಗಾ, ಮೇಜು ಸವೆದೋಗುತ್ತೆ" ಎಂದಳು.

ಕೊನೆಯ ಮೇಜೂ ಮುಗಿದು ಮೌಸ್ ಕೆಳಗೆ ಬಿತ್ತು. ಸೀಲಣ್ಣ ಅದನ್ನು ಹೆಕ್ಕಿ, ಸಿಟ್ಟಿನಲ್ಲಿ ಮೇಜಿನ ನಡುವೆ ಇಟ್ಟು ತಳ್ಳಿದ.

"ಅಣ್ಣಾ, ಬಾಣ ಹೋಗ್ತಿದೆ! ನಿಂತಲ್ಲಿಂದಾನೇ ಮುಂದಕ್ಕೆ ಹೋಗ್ತಿದೆ!"

"ಅಂದ್ರೆ ಎತ್ತಬಹುದಲ್ಲಮ್ಮಾ! ಎತ್ತಿ ಇಡೋದು, ತಳ್ಳೋದು. ಮತ್ತೆ ಎತ್ತಿ ಇಡೋದು. ಇಷ್ಟಕ್ಕೆ ಅರ್ಧ ಆಫೀಸು ಎಳೆಸಿದ್ರಾ?"

ಎತ್ತಿ ಇಡುವುದರಲ್ಲಿ ಅವನನ್ನು ಮೀರಿಸುವವರು ಆ ಕಟ್ಟಡದಲ್ಲೇ ಇರಲಿಲ್ಲ.

"ಈಗ ಎಡಗಡೆ ಗುಂಡಿ ಆಕ್ಸಿಲರೇಟರ್ ಅಂದ್ಕೊ" ಎಂದ ಡ್ರೈವರ್. "ಒತ್ಕೊಂಡೇ ಅರ್ಜಿ ಎಳಿ. ಊರು ಬರೋ ತನಕ ಕಾಲು ತೆಗೀಬೇಡ."

"ಕಾಲಾ?"

"ಬೆರಳಪ್ಪಾ, ಬೆರಳು!"

ಸೀಲಣ್ಣ ಗುಂಡಿಯ ಜೊತೆ ಉಸಿರನ್ನೂ ಹಿಡಿದ. ಫೋಲ್ಡರಿನ ಹೊಸ್ತಿಲ ತನಕ ಬಂದ ಅರ್ಜಿ, ಅವನಿಗೆ ಸೀನು ಬಂದದ್ದರಿಂದ ದಾರಿ ತಪ್ಪಿ ಪರದೆಯ ಮೂಲೆಯ ಕಸದ ಬುಟ್ಟಿಗೆ ಬಿತ್ತು. ಡ್ರೈವರ್ ಹೆಸರು ಓದಿ ಬೆಚ್ಚಿದ.

"ಅಣ್ಣಾ, ಅದು ನನ್ನ ರಜಾ ಅರ್ಜಿ! ಹೆಂಡ್ತಿಗೆ ಏನಂತ ಹೇಳ್ಲಿ?"

ಟೈಪಿಸ್ಟ್ ಬುಟ್ಟಿಯೊಳಗಿಂದ ಅದನ್ನು ಎತ್ತಿಕೊಟ್ಟಳು. ಸೀಲಣ್ಣ ಊಟಕ್ಕೂ ಏಳದೆ ಎಳೆದ, ಬಿಟ್ಟ, ಮತ್ತೆ ಎಳೆದ. ಮೂರೂವರೆಗೆ ಇಪ್ಪತ್ತಕ್ಕೆ ಇಪ್ಪತ್ತೂ ಸರಿಯಾಗಿ ಬಿದ್ದವು.

ನಾಲ್ಕಕ್ಕೆ ಸರಿಯಾಗಿ ದೊಡ್ಡ ಮೇಡಂ ಬಂದರು. ಮುಖ ಬೀಗ ಹಾಕಿದ ಕಪಾಟು. "ಎಲ್ರೂ ಹೊರಗೆ" ಎಂದು ಬಾಗಿಲು ಹಾಕಿಕೊಂಡರು, ಕಿಟಕಿಯನ್ನೂ ಮುಚ್ಚಿದರು.

ಸೀಲಣ್ಣ ಎತ್ತಿ ಇಟ್ಟ, ತಳ್ಳಿದ, ಒತ್ತಿ ಹಿಡಿದ, ಎಳೆದ, ಬಿಟ್ಟ. ಅರ್ಜಿ ಬೆಣ್ಣೆಯಂತೆ ಜಾರಿ ಫೋಲ್ಡರಿನೊಳಗೆ ಹೋಯಿತು.

"ಇನ್ನೊಂದ್ಸಲ."

ಮಾಡಿದ.

"ಸ್ವಲ್ಪ ನಿಧಾನವಾಗಿ, ಇನ್ನೊಂದ್ಸಲ."

ಮಾಡಿದ. ಮೇಡಂ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಒಂದೇ ದಿನದಲ್ಲಿ ಕಲಿತ್ರಾ? ನನ್ನ ಮೇಜಿನ ಮೇಲೂ ಇಂಥದೇ ಒಂದು ಎರಡು ವರ್ಷದಿಂದ ಇದೆ ರೀ. ನಾನು ಹೋಗಿ ಕೇಳಿದ್ರೆ ಇಡೀ ಆಫೀಸು ನಗುತ್ತೆ. ನನಗೂ ಹೇಳ್ಕೊಡಿ."

"ಮತ್ತೆ ಆ ಚೀಟಿ ಮೇಡಂ?"

"ಹೆದರಿಸಿದ್ರೆ ಯಾರಾದ್ರೂ ಒಬ್ರು ಕಲೀತೀರಿ, ಆಮೇಲೆ ನಾನು ಕಲೀಬಹುದು ಅಂತ."

"ಅಯ್ಯೋ, ಖಂಡಿತ ಕಲಿಸ್ತೀನಿ! ನಾಳೆಯಿಂದ ಇಲ್ಲೇ ಬನ್ನಿ."

"ಇಲ್ಲೇನಾ? ಕಿಟಕಿ ತುಂಬ ಜನ! ನಾಳೆಯಿಂದ ನೀವು ಈ ಕಂಪ್ಯೂಟರ್ ಸಮೇತ ಕೆಳಗಿನ ಕೋಣೆಗೆ. ಹಳೆ ಕಡತ ನೋಡೋ ನೆಪದಲ್ಲಿ ನಾನು ದಿನಾ ಬರ್ತೀನಿ. ಯಾರ ಹತ್ರನೂ ಬಾಯಿ ಬಿಡ್ಬೇಡಿ. ನಾನು ಕಲಿತ ದಿನಾನೇ ನಿಮ್ಮನ್ನ ಕಿಟಕಿಗೆ ವಾಪಸ್ ಕೂರಿಸ್ತೀನಿ."

ಹಾಗೆನ್ನುತ್ತಲೇ ಮೇಡಂ ಒಂದು ಬೆರಳಿನಿಂದ ಮೌಸ್ ಮುಟ್ಟಿದರು. ಬಾಣ ನಡುಗುತ್ತ ಒಂದಂಗುಲ ಸರಿಯಿತು. "ಹೋಯ್ತು! ಹೋಯ್ತು ನೋಡ್ರೀ!" ಅವರು ಅಷ್ಟು ಅಗಲ ನಕ್ಕದ್ದನ್ನು ಸೀಲಣ್ಣ ನೋಡಿಯೇ ಇರಲಿಲ್ಲ.

ಅವನು ಹೊರಗೆ ಬಂದಾಗ ಇಬ್ಬರೂ ಮುತ್ತಿಕೊಂಡರು. "ಏನಾಯ್ತಣ್ಣಾ?"

"ಕೆಳಗಿನ ಕೋಣೆ."

ಟೈಪಿಸ್ಟಳ ಕಣ್ಣು ತುಂಬಿತು. ಡ್ರೈವರ್ ಬೆನ್ನು ತಟ್ಟಿದ. "ಬಿಡಣ್ಣಾ, ಬೇಜಾರ್ ಮಾಡ್ಕೋಬೇಡ. ಮನಸ್ಸಿಟ್ಟು ಕಲಿತ್ರೆ ಆರು ತಿಂಗಳಲ್ಲಿ ಮೇಲೆ ಬರ್ತೀಯ."

"ಮೂರೇ ಸಾಕು" ಎಂದ ಸೀಲಣ್ಣ. "ಕಲಿಯೋ ಆಸೆ ಬೇಕಾದಷ್ಟಿದೆ. ಕೈ ಸ್ವಲ್ಪ ನಡುಗುತ್ತೆ, ಅಷ್ಟೇ."