ದೋಣಿಯ ಸ್ಪೀಕರುಗಳು ಗೌನು ಬಿಚ್ಚಬೇಕೆಂದು ಕೋರಿ

ಸಂಜೆಯ ದೋಣಿಯ ಛಾವಣಿಯನ್ನು ಅಲಂಕರಿಸಿರುವ ಜೋಡಿ ಸ್ಪೀಕರುಗಳಿಗೆ,

ಮಾನ್ಯರೇ,

ದಿನವೂ ತಮ್ಮ ಅಡಿಯಲ್ಲೇ ಕುಳಿತು ನದಿ ದಾಟುವ ಪ್ರಯಾಣಿಕನ ಅನಂತ ನಮಸ್ಕಾರಗಳು. ತಾವು ಕ್ಷೇಮವೆಂದು ಭಾವಿಸುತ್ತೇನೆ. ತಾವೇ ಹೇಳಿದರೂ ನನಗೆ ತಿಳಿಯುವ ಹಾಗಿಲ್ಲವಾದ್ದರಿಂದ ಭಾವಿಸುವುದೊಂದೇ ದಾರಿ.

ಮೊದಲಿಗೆ ತಮ್ಮ ಸಮಭಾವವನ್ನು ಹೊಗಳಲೇಬೇಕು. ಹಾಡಾಗಲಿ, ಹವಾಮಾನವಾಗಲಿ, ಮುಂದಿನ ನಿಲ್ದಾಣದ ಹೆಸರಾಗಲಿ, ತಮ್ಮಿಂದ ಹೊರಬೀಳುವುದು ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಜಗಳವಾಡುವವರ ದನಿಯೊಂದೇ. ಮೊನ್ನೆ ತಾವು ಲೈಫ್ ಜಾಕೆಟ್ ತೊಡುವ ವಿಧಾನವನ್ನು ವಿವರಿಸುತ್ತಿದ್ದಾಗ, ಅದನ್ನು ಪ್ರೇಮಗೀತೆಯೆಂದೇ ತಿಳಿದ ಹೊಸ ಜೋಡಿಯೊಂದು ಕೊನೆಯವರೆಗೂ ಕೈ ಕೈ ಹಿಡಿದು ತಲೆದೂಗಿತು.

ಆದರೆ ನನ್ನ ಸೋದರತ್ತೆಗೆ ಕಣ್ಣು ಮಂಜು. ಕಿವಿ ಮಾತ್ರ ಪಕ್ಕದ ಮನೆಯ ಪಿಸುಮಾತನ್ನೂ ಬಿಡದು. ಆ ಕಿವಿಯನ್ನೇ ನಂಬಿ ವಾರಕ್ಕೊಮ್ಮೆ ಒಬ್ಬರೇ ಆಚೆ ದಡದ ಗೆಳತಿಯ ಮನೆಗೆ ಹೋಗುತ್ತಾರೆ. ಕಳೆದ ವಾರ ಇಳಿಯುವ ನಿಲ್ದಾಣದ ಹೆಸರಿಗಾಗಿ ಕಾದು ಕಾದು, ಕಡೆಗೆ ದೋಣಿ ತೊಳೆಯುವ ಶೆಡ್ಡಿಗೆ ಹೋಗಿ ತಲುಪಿದರು. "ಅಕ್ಕ, ಇನ್ನು ನೀನು ಒಬ್ಬಳೇ ಹೊಸಿಲು ದಾಟೋ ಹಾಗಿಲ್ಲ" ಎಂದುಬಿಟ್ಟರು ನಮ್ಮಪ್ಪ. ಅಂದಿನಿಂದ ಅತ್ತೆ ಮಾತು ಬಿಟ್ಟಿದ್ದಾರೆ. ತಮ್ಮ ದನಿಗಿಂತ ಅವರ ಮೌನವೇ ಸ್ಪಷ್ಟವಾಗಿ ಕೇಳಿಸುತ್ತಿದೆ.

ಕಾರಣ ಹುಡುಕುತ್ತ ಬೆಂಚು ಹತ್ತಿ ನೋಡಿದೆ. ಅಂಗಡಿಯಿಂದ ಬಂದಾಗಿನ ಪ್ಲಾಸ್ಟಿಕ್ಕನ್ನೂ ಬಿಚ್ಚದೆ, ಅದರ ಮೇಲೊಂದು ದಪ್ಪ ರೆಕ್ಸಿನ್ ಗೌನು ಹೊಲಿಸಿ ತೊಡಿಸಿದ್ದಾರೆ. ಚಾಲಕರನ್ನು ಕೇಳಿದರೆ, "ಹೊಸ ಸಾಮಾನು ಸ್ವಾಮಿ, ನೀರು ಹಾರಿ ಹಾಳಾದ್ರೆ? ಗ್ಯಾರಂಟಿ ಮುಗೀಲಿ, ಆಮೇಲೆ ಬಿಚ್ಚೋಣ" ಎಂದರು. ಸಾಲದೆಂದು ನನ್ನ ಸಮಾಧಾನಕ್ಕೆ ದನಿಯನ್ನು ಪೂರ್ತಿ ಏರಿಸಿದರು. ಕಿಟಕಿಯ ಗಾಜುಗಳೆಲ್ಲ ಗಡಗಡ ನಡುಗಿದವು, ಮಾತು ಮಾತ್ರ ಗೌನಿನೊಳಗೇ ಉಳಿಯಿತು.

ಆದ್ದರಿಂದ ತಾವೇ ದಯಮಾಡಿ ಒಮ್ಮೆ ಮೈಕೊಡವಿ ಆ ಉಡುಪನ್ನು ಕಳಚಿಕೊಳ್ಳಬೇಕೆಂದು ಪ್ರಾರ್ಥನೆ. ಮರ್ಯಾದೆಗೆ ಅಂಜುವುದಾದರೆ, ಗೆಳತಿಯ ನಿಲ್ದಾಣ ಬಂದಾಗ ಮಾತ್ರ ಸುಮ್ಮನಿದ್ದುಬಿಡಿ. ಆ ಮೌನವನ್ನೇ ಹಿಡಿದು ಅತ್ತೆ ಇಳಿದುಕೊಳ್ಳುತ್ತಾರೆ.

ತಮ್ಮ ವಿಶ್ವಾಸಿ,
ಎರಡನೇ ಬೆಂಚಿನ ಪ್ರಯಾಣಿಕ

ವಿ.ಸೂ.: ಅಪ್ಪನ ಕಟ್ಟಪ್ಪಣೆಯನ್ನು ಅತ್ತೆ ಬದಿಗೆ ಸರಿಸಿದ್ದಾರೆ. ನಾಳೆ ಒಬ್ಬರೇ ದೋಣಿ ಹತ್ತುತ್ತಾರೆ, ಕೈಚೀಲದಲ್ಲಿ ಕತ್ತರಿ ಇಟ್ಟುಕೊಂಡು. ಬೇಕಿದ್ದರೆ ಚಾಲಕರಿಗೆ ತಾವೇ ಮೊದಲು ತಿಳಿಸಿಬಿಡಿ. ಹೇಗೂ ಅವರಿಗೆ ಅರ್ಥವಾಗುವುದಿಲ್ಲ.